ಬೆಟ್ಟ ಅಡ್ಡ ಬಂದ ಹೊತ್ತು

ಹಾಸನ
೫–೧೦–೧೯೪೫

ಪೂಜ್ಯ ಈಶ್ವರಯ್ಯ ಮೇಷ್ಟ್ರಿಗೆ ಚಂದ್ರನಾಥನ ನಮಸ್ಕಾರಗಳು.

ಈ ಕಾಗದ ನಾನು ಬರೆಯಬಾರದಿತ್ತು. ಕ್ಷಮಿಸಬೇಕು. "ನಾವು ಬರೆಯುವ ತನಕ ನೀನು ಬರೆಯಬೇಡ, ಓದಿಕೊಂಡಿರು" ಎಂದು ಅರಸೀಕೆರೆ ಸ್ಟೇಷನ್ನಿನಲ್ಲಿ ನೀವು ಹೇಳಿದ್ದು ನೆನಪಿದೆ. ನೀವು ಹೊರಟು ಇನ್ನೂ ವಾರವಾಗಿಲ್ಲ. ಬಹುಶಃ ನೀವು ಕಾಂಗ್ಡಾ ಮುಟ್ಟುವ ಮೊದಲೇ ಈ ಕಾಗದ ಅಲ್ಲಿನ ಪೋಸ್ಟಾಫೀಸಿನಲ್ಲಿ ನಿಮ್ಮ ದಾರಿ ಕಾಯುತ್ತ ಕೂತಿರುತ್ತದೆ. ಆದರೂ ಬರೆಯದೆ ಇರಲಾಗಲಿಲ್ಲ. ಫಿಸಿಕ್ಸ್ ನೋಟ್ಸ್ ಬರೆಯಲು ಕೂತವನು ಮಾರ್ಜಿನ್ನಿನಲ್ಲಿ ರೈಲ್ವೆ ಸ್ಟೇಷನ್ನುಗಳ ಹೆಸರು ಬರೆಯುತ್ತಿದ್ದೇನೆ. ನನ್ನ ರೂಮ್‌ಮೇಟ್ ಗೌರೀಶಂಕರ, ಅವನೂ ನಿಮ್ಮ ಅರಕಲಗೂಡಿನವನೇ, ನೋಡಿ ನಗುತ್ತಾನೆ. "ಲೇ ಚಂದ್ರ, ಬೆಟ್ಟ ಹತ್ತೋಕೆ ಓಗಿರೋರು ನಿಮ್ಮಮ್ಮ, ಏದುಸ್ರು ಬಿಡ್ತಿರೋನು ನೀನು ಕಣ್ಲಾ!"

ಮೇಷ್ಟ್ರೇ, ಅಮ್ಮ ಇದುವರೆಗೆ ಹೊಳೆನರಸೀಪುರದ ನನ್ನ ಅಕ್ಕನ ಮನೆಗಿಂತ ದೂರ ಹೋದವಳಲ್ಲ. ಹುಟ್ಟಿದ್ದು ಹಳ್ಳಿಮೈಸೂರು, ಸೇರಿದ್ದು ಚನ್ನರಾಯಪಟ್ಟಣ, ಅಷ್ಟೇ ಅವಳ ಲೋಕ. ಅವಳ ಹರಕೆಯ ಕಥೆ ನಿಮಗೆ ಪೂರ್ತಿ ಗೊತ್ತಿರಲಾರದು. ಐದು ವರ್ಷದ ಹಿಂದೆ ಬೆಳಗೊಳದ ಮಸ್ತಕಾಭಿಷೇಕಕ್ಕೆ ಬಂದಿದ್ದ ಉತ್ತರದ ಯಾತ್ರಿಕರೊಬ್ಬರು ನಮ್ಮ ಅನಂತಮ್ಮ ದೊಡ್ಡಮ್ಮನ ಮನೆಯಲ್ಲಿ ಇಳಿದಿದ್ದರು. ಹಿಮಾಲಯದ ಬುಡದಲ್ಲಿ, ಕಾಂಗ್ಡಾ ಎಂಬ ಊರಿನ ಪಾಳುಕೋಟೆಯೊಳಗೆ ಆದಿನಾಥಸ್ವಾಮಿ ಒಬ್ಬನೇ ಕೂತಿದ್ದಾನೆ ಎಂದು ಅವರು ಹೇಳಿದ್ದು ಅಮ್ಮನ ಮನಸ್ಸಿನಲ್ಲಿ ನಿಂತುಬಿಟ್ಟಿತು. "ಗೊಮ್ಮಟಸ್ವಾಮೀನ ನೋಡೋಕೆ ಲೋಕವೇ ಬತ್ತದೆ. ಅವನ ಅಪ್ಪನ್ನ ನೋಡೋರೇ ಇಲ್ವಲ್ಲೋ" ಎನ್ನುತ್ತಿದ್ದಳು. ಹೋದ ವರ್ಷ ನನಗೆ ಟೈಫಾಯಿಡ್ ಬಂದು ಡಾಕ್ಟರು ಕೈ ಚೆಲ್ಲಿದಾಗ ಆ ಸ್ವಾಮಿಗೇ ಹರಕೆ ಹೊತ್ತಳು. ಅಂದರೆ ಅವಳು ಈಗ ಅಷ್ಟು ದೂರ ಹೋಗಿರುವುದಕ್ಕೆ ಕಾರಣ ನಾನು.

ಇನ್ನೊಂದು ಮಾತು. ಹೊರಡುವುದಕ್ಕೆ ಮುಂಚೆ ದಶಲಕ್ಷಣ ಪರ್ವ ಮುಗಿದು, ನಮ್ಮವರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಬಂತು. ವರ್ಷಾ ವರ್ಷಾ ನಡೆಯುವ ಪದ್ಧತಿಯೇ. ಆದರೆ ಈ ಸಲ ಅಮ್ಮ ನನ್ನೆದುರು ಕೈ ಮುಗಿದು ಬಹಳ ಹೊತ್ತು ನಿಂತಿದ್ದಳು. ಬಸ್ಸಿಗೆ ಟೈಮಾಯಿತೆಂದು ನಾನು "ಆಯ್ತಮ್ಮ, ಆಯ್ತು" ಎಂದುಬಿಟ್ಟೆ. ಅಷ್ಟು ಆತುರ ಮಾಡಬಾರದಿತ್ತು.

ಅವಳ ಕಣ್ಣಿಗೆ ಪೊರೆ ಬರುತ್ತಿದೆ. ದೂರದ್ದು ಕಾಣುವುದಿಲ್ಲ, ಕೇಳಿದರೆ ಎಲ್ಲಾ ಕಾಣುತ್ತದೆ ಎನ್ನುತ್ತಾಳೆ. ಮೆಟ್ಟಿಲಿರುವ ಕಡೆ ನಿಮ್ಮ ಮನೆಯವರು ಬಸವಲಿಂಗಮ್ಮನವರು ದಯವಿಟ್ಟು ಕೈ ಹಿಡಿದುಕೊಳ್ಳಲಿ. ಹೊತ್ತು ಮುಳುಗಿದ ಮೇಲೆ ಊಟವಿರಲಿ, ನೀರನ್ನೂ ಅವಳು ಮುಟ್ಟುವುದಿಲ್ಲವೆಂಬುದು ನಿಮಗೆ ಗೊತ್ತು. ಉತ್ತರಕ್ಕೆ ಹೋದಷ್ಟೂ ಚಳಿಗಾಲದಲ್ಲಿ ಹಗಲು ಚಿಕ್ಕದಾಗುತ್ತದೆ ಮೇಷ್ಟ್ರೇ, ಇದು ಸೈನ್ಸ್. ನಮ್ಮೂರ ಲೆಕ್ಕದಲ್ಲಿ ನಿಧಾನ ಮಾಡಿದರೆ ಅವಳ ವ್ರತಕ್ಕೆ ಭಂಗ ಬಂದೀತು. ಅಲ್ಲಿ ಬಸದಿಯ ಗಂಟೆ ಕೇಳಿಸುವುದಿಲ್ಲ, ಸೂರ್ಯನನ್ನೇ ನೋಡಿಕೊಳ್ಳಬೇಕು, ಅವನು ನಾವಂದುಕೊಂಡದ್ದಕ್ಕಿಂತ ಬಹಳ ಬೇಗ ಮುಳುಗುತ್ತಾನೆ ಎಂದು ನಾನು ಹೇಳಿದೆನೆಂದು ಹೇಳಿ.

ಹಾಸ್ಟೆಲಿನ ಬೆಲ್ಲಾಯಿತು. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಬರೆಯುವುದಕ್ಕೆ ಇದೇ ಒಳ್ಳೆಯ ಟೈಮು. ಹೈಸ್ಕೂಲಿನಲ್ಲಿದ್ದಾಗಿನ ನಮ್ಮ ಜೈನ ಹಾಸ್ಟೆಲಿಗಿಂತ ಇದು ದೊಡ್ಡದು, ಎಲ್ಲ ಜನರೂ ಇದ್ದಾರೆ. ಊಟ ಚೆನ್ನಾಗಿದೆ ಎಂದು ಅಮ್ಮನಿಗೆ ತಿಳಿಸಿ.

ಇಂತಿ ನಿಮ್ಮ ವಿದ್ಯಾರ್ಥಿ,
ಚಂದ್ರನಾಥ


ಕಾಂಗ್ಡಾ
೧೭–೧೦–೧೯೪೫

ಚಿ॥ ಚಂದ್ರನಾಥನಿಗೆ ಈಶ್ವರಯ್ಯ ಮಾಡುವ ಆಶೀರ್ವಾದಗಳು.

ನೀನು ಬರೆಯಬಾರದಿತ್ತು, ನಿಜ. ಬರೆದದ್ದು ಒಳ್ಳೆಯದಾಯಿತು. ಈ ಊರಿನ ಪೋಸ್ಟ್ ಮಾಸ್ತರನು ಕನ್ನಡ ಅಕ್ಷರ ಕಂಡು ಇದು ಯಾವ ದೇಶದ್ದೆಂದು ಮೂರು ಜನಕ್ಕೆ ತೋರಿಸಿದ್ದನಂತೆ.

ನಿನ್ನ ತಾಯಿ ಕ್ಷೇಮ. ನಾವೂ ಕ್ಷೇಮ. ರೈಲಿನಲ್ಲಿ ಎಲ್ಲಿ ನೋಡಿದರೂ ಯುದ್ಧ ಮುಗಿಸಿ ಊರಿಗೆ ಮರಳುವ ಸಿಪಾಯಿಗಳು. ದೆಹಲಿಯಿಂದಾಚೆಗೆ ಒಬ್ಬ ಸಿಪಾಯಿ ತನ್ನ ಟ್ರಂಕಿನ ಮೇಲೆ ತಾನು ಕೂತು ಹೆಂಗಸರಿಬ್ಬರಿಗೂ ಜಾಗ ಕೊಟ್ಟ. ಬರ್ಮಾದ ಕಾಡುಜ್ವರ ಹಿಡಿದು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದನಂತೆ. ಅಲ್ಲಿ ಕಲಿತ ಕನ್ನಡ ಮೂರೇ ಮಾತು: "ಬನ್ನಿ", "ಊಟ ಆಯ್ತಾ", "ಸ್ವಲ್ಪ ಸರೀರಿ". ಆ ಮೂರರಲ್ಲೇ ಇವನು ನನ್ನವಳೊಡನೆ ರಾತ್ರಿಯೆಲ್ಲ ಮಾತಾಡಿದ. ಇವನ ಊರು ಬೈಜನಾಥದ ಹತ್ತಿರವೇ.

ಪಠಾನ್‌ಕೋಟೆಯಿಂದ ಆಟದ ಸಾಮಾನಿನಂಥ ರೈಲು. ಹೊಳೆಗಳನ್ನು ದಾಟಿ ದಾಟಿ, ಗದ್ದೆಗಳ ಮಗ್ಗುಲಲ್ಲಿ ಏರುತ್ತ ಬಂದು ಒಂದು ತಿರುವಿನಲ್ಲಿ ಥಟ್ಟನೆ ಧೌಲಾಧಾರ್ ಪರ್ವತ ಎದುರಿಗೆ ನಿಂತಿತು. ನಮ್ಮ ಕಡೆ ಬೆಟ್ಟವೆಂದರೆ ಬಯಲಿನ ನಡುವೆ ಕೂತ ಒಂದು ಬಂಡೆ. ಇಲ್ಲಿ ಆಕಾಶದ ಅರ್ಧಪಾಲು ಬೆಟ್ಟಕ್ಕೇ ಹೋಗಿದೆ. ಹಿಮ ನೋಡಿ ನನ್ನವಳು, "ಅಯ್ಯೋ ಶಿವನೆ, ಈಟೊಂದ್ ಸುಣ್ಣ ಬಳ್ದೋರ್ ಯಾರು?" ಎಂದಳು. ನಿನ್ನ ತಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನನಗೆ ಬೆಳ್ಳಗೆ ಏನೋ ಕಾಣ್ತದೆ ಮೇಷ್ಟ್ರೇ. ಅಷ್ಟು ಸಾಕು" ಎಂದರು.

ಕೋಟೆ ಇಲ್ಲಿಂದ ಕಾಣುತ್ತದೆ. ಎರಡು ಹೊಳೆಗಳ ಕೂಡಲಿನ ಮೇಲೆ, ಭೂಕಂಪದಲ್ಲಿ ಅರ್ಧ ಕುಸಿದ ಗೋಡೆಗಳು. ನಾಳೆಯೇ ಹತ್ತೋಣವೆಂದರೆ ನಿನ್ನ ತಾಯಿ ಒಪ್ಪಲಿಲ್ಲ. ಹರಕೆಯ ಸ್ವಾಮಿಯನ್ನು ಕಂಡ ಮೇಲೆ ಬೇರೆಲ್ಲೂ ಹೋಗದೆ ನೇರ ಮನೆ ಸೇರಬೇಕಂತೆ. "ಮೊದಲು ನಿಮ್ಮ ಸ್ವಾಮಿ ಆಗ್ಲಿ, ಆಮೇಲೆ ನನ್ನ ಸ್ವಾಮಿ" ಎಂದರು. ಕಾರ್ತಿಕದ ಮೊದಲ ಸೋಮವಾರ ಬೈಜನಾಥನಿಗೆ ಬಿಲ್ವ ಏರಿಸಬೇಕೆಂಬುದು ನನ್ನವಳ ಆಸೆ. ಅದಕ್ಕಿನ್ನೂ ದಿನವಿದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಇರಿ ಎಂದು ಸಿಪಾಯಿ ಪಟ್ಟು ಹಿಡಿದಿದ್ದಾನೆ. ಹಾಗೇ ಮಾಡುತ್ತೇವೆ. ಮುಂದಿನ ಕಾಗದ ಬೈಜನಾಥದ ಪೋಸ್ಟಿಗೆ ಬರೆ.

ನಿನ್ನ ಜಿಯಾಗ್ರಫಿ ಓದಿ ಹೇಳಿದೆ. "ಕಾಲೇಜು ಓದೋನು, ಅವನು ಹೇಳಿದ ಮೇಲೆ ಸರಿಯೇ" ಎಂದು ನಿನ್ನ ತಾಯಿಯ ಮುಖ ಅರಳಿತು.

ಇಂತು ಆಶೀರ್ವಾದ,
ಈಶ್ವರಯ್ಯ


ಬೈಜನಾಥ
೩೦–೧೦–೧೯೪೫

ಚಿ॥ ಚಂದ್ರನಾಥನಿಗೆ ಆಶೀರ್ವಾದಗಳು.

ಇದನ್ನು ನಿಧಾನವಾಗಿ ಓದು. ಹೆದರಬೇಡ.

ರೈಲು ನಗ್ರೋಟಾಕ್ಕೇ ನಿಂತಿತು. ಮುಂದಿನ ಕಂಬಿಗಳನ್ನು ಯುದ್ಧಕ್ಕೆಂದು ಕಿತ್ತುಕೊಂಡು ಹೋಗಿದ್ದಾರಂತೆ. ಬಸ್ಸಿನಲ್ಲಿ ಪಾಲಂಪುರ ದಾಟಿದೆವು. ಪೈನ್ ಮರಗಳ ನೆರಳಲ್ಲಿ ಟೀ ತೋಟಗಳು, ಕತ್ತರಿಸಿಟ್ಟ ಹಾಗೆ. ಬೈಜನಾಥನ ಗುಡಿ ಕಲ್ಲಿನದು, ಸಣ್ಣದು, ಬಹಳ ಪುರಾತನ. ಹಳೇಬೀಡು ನೋಡಿ ಬೆಳೆದ ನನಗೆ ಅದರ ಕೆತ್ತನೆ ದೊಡ್ಡದೆನಿಸಲಿಲ್ಲ. ಆದರೆ ಬಸವಣ್ಣನ ಬೆನ್ನ ಹಿಂದೆ ಅಷ್ಟುದ್ದಕ್ಕೂ ಹಿಮ ಹೊಳೆಯುವುದನ್ನು ನೋಡುತ್ತ ಅಲ್ಲೇ ಕೂತುಬಿಟ್ಟೆ.

ಸಿಪಾಯಿಯ ಮನೆ ಗುಡಿಯಿಂದ ಮೇಲಕ್ಕೆ, ಹೊಳೆಯ ಪಕ್ಕದ ಇಕ್ಕಟ್ಟಾದ ಕಣಿವೆಯಲ್ಲಿದೆ. ಬಂದ ಮೂರನೆಯ ದಿನ ನಿನ್ನ ತಾಯಿ ನೀರು ಶೋಧಿಸುವ ಬಟ್ಟೆ ಒಗೆಯಲು ಹೊಳೆಗಿಳಿದು, ಪಾಚಿಗೆ ಕಾಲು ಜಾರಿ ಪಾದ ಉಳುಕಿಸಿಕೊಂಡರು. ಮೂಳೆ ಮುರಿದಿಲ್ಲ. ಊತ ಇಳಿಯುತ್ತಿದೆ. ನಾನು ಬರೆಯುತ್ತಿರುವುದು ಅದಕ್ಕಲ್ಲ.

ಅವರು ಊಟ ಬಿಟ್ಟಿದ್ದಾರೆ ಎಂದೇ ಹೇಳಬೇಕು. ಬೆಳಗ್ಗೆ ಅಂಗಳಕ್ಕೆ ಬಿಸಿಲು ಬೀಳುವ ತನಕ ಬಾಯಿಗೆ ಏನನ್ನೂ ಹಾಕುವುದಿಲ್ಲ. ನನ್ನ ಲಿಂಗಪೂಜೆ ಮುಗಿದು ಎಲ್ಲರೂ ಕೂತಾಗ ಗಡಿಬಿಡಿಯಲ್ಲಿ ಒಂದು ಹಿಡಿ ಅನ್ನ. ಸಂಜೆಯದನ್ನು ಹೊತ್ತಿಗೆ ಮುಂಚೆಯೇ ಬಡಿಸಲು ಹೋದರೆ "ಹೊತ್ತು ಮುಳುಗ್ತಲ್ಲ, ನನಗೆ ಬೇಡಿ" ಎನ್ನುತ್ತಾರೆ. ಎಷ್ಟು ಮುಂಚೆ ಕರೆದರೂ ಅದೇ ಮಾತು. ನೀರೂ ಇಲ್ಲ. ನೆಪವೆಂದು ನನ್ನ ಅನುಮಾನ. ಎದ್ದು ನಿಂತರೆ ತಲೆ ಸುತ್ತುತ್ತದೆ. "ಯಾಕ್ ಮರುದೇವಮ್ಮ ಇಂಗ್ ಮಾಡ್ತೀರಿ, ಮಗನ್ ಮುಖ ನೋಡಾದ್ ಬ್ಯಾಡ್ವಾ?" ಎಂದು ನನ್ನವಳು ಅತ್ತದ್ದಕ್ಕೆ, ನಕ್ಕು ಅವಳ ಕೈ ಸವರಿದರು.

ಕೇಳಬಾರದ್ದು, ಆದರೂ ಕೇಳುತ್ತೇನೆ. ಬೆಳಗೊಳದ ಚಿಕ್ಕಬೆಟ್ಟದ ಕಲ್ಲುಗಳಲ್ಲಿ ಬರೆದಿದೆಯಲ್ಲ, ಅನ್ನ ನೀರು ಬಿಟ್ಟು ದೇಹ ಬಿಡುವ ಸಲ್ಲೇಖನ. ಅಂಥ ವ್ರತವನ್ನೇನಾದರೂ ಮನಸ್ಸಿನಲ್ಲಿ ಹಿಡಿದು ಅವರು ಹೊರಟಿದ್ದರೇ? ನಿನಗೆ ಗೊತ್ತಿದ್ದರೆ ತಿಳಿಸು. ನಾನು ಬೇರೆ ಮತದವನು. ಒತ್ತಾಯ ಮಾಡಿ ತಿನ್ನಿಸಿದರೆ ಪಾಪವೋ, ಸುಮ್ಮನಿದ್ದರೆ ಪಾಪವೋ ತಿಳಿಯದು.

ಆಶೀರ್ವಾದ,
ಈಶ್ವರಯ್ಯ


ಹಾಸನ
೭–೧೧–೧೯೪೫

ಅಕ್ಕಾ,

ಮೇಷ್ಟ್ರ ಕಾಗದ ಇದರೊಳಗಿದೆ. ಭಾವನಿಗೆ ಓದಲು ಕೊಡು, ಅತ್ತೆಯವರಿಗೆ ಬೇಡ.

ಅಮ್ಮ ನಿನ್ನ ಹತ್ತಿರ ಏನಾದರೂ ಹೇಳಿದ್ದಳೇ? ಪ್ಲೀಸ್, ಮುಚ್ಚಿಡಬೇಡ. ಹೊರಡುವ ಮುಂಚೆ ಅವಳ ಧರ್ಮಾವರದ ಸೀರೆ ನಿನಗೆ ಕೊಟ್ಟಳು. ಹಿತ್ತಲ ಕರಿಬೇವಿನ ಗಿಡಕ್ಕೆ ನೀರು ಹಾಕಲು ಪಕ್ಕದ ಪುಟ್ಟತಾಯಮ್ಮನಿಗೆ ಹೇಳಿದ್ದಾಳೆ, "ಬರೋದು ಯಾವಾಗಲೋ" ಎಂದಳಂತೆ. ನನ್ನ ಮುಂದೆ ಕೈ ಮುಗಿದು ನಿಂತಿದ್ದಳು. ಒಂದೊಂದನ್ನೇ ಜೋಡಿಸಿದರೆ ಏನಾಗುತ್ತದೆ ನೋಡು. ನನಗೆ ಜ್ವರ ಬಂದಾಗ ಇವನ ಬದಲು ನನ್ನನ್ನು ತಗೊ ಎಂದೇನಾದರೂ ಸ್ವಾಮಿಗೆ ಹೇಳಿಬಿಟ್ಟಿದ್ದಳೇ?

ನಾನೇ ಹೊರಟು ಹೋಗುತ್ತೇನೆಂದು ಗೌರೀಶಂಕರನಿಗೆ ಹೇಳಿದೆ. "ಓಗಿ ಏನ್ ಮಾಡ್ತೀಯಲಾ? ನೀನು ತಲ್ಪಾಗಂಟ ಅವ್ರು ಕಾಯ್ತಾ ಕುಂತಿರ್ತಾರಾ?" ಎಂದವನು ತನ್ನ ಮಾತು ತನಗೇ ಕೇಳಿಸಿ ಬಾಯಿ ಮುಚ್ಚಿಕೊಂಡ. ಆಮೇಲೆ ಇಡೀ ದಿನ ನನ್ನನ್ನು ರೇಗಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನನಗೆ ಓದು ಹತ್ತುತ್ತಿಲ್ಲ.

ನಿನ್ನ ತಮ್ಮ,
ಚಂದ್ರ


ಹೊಳೆನರಸೀಪುರ
೯–೧೧–೧೯೪೫

ಚಂದ್ರಾ,

ಮೊದಲು ಅಳೋದು ನಿಲ್ಲಿಸು. ಕಾಗದದ ಮೇಲೆ ಶಾಯಿ ಕದಡಿದ್ದು ನೋಡಿ ಗೊತ್ತಾಯಿತು.

ಸೀರೆ ಕೊಟ್ಟದ್ದು ನಾನು ಕಾಡಿ ಬೇಡಿ ತಗೊಂಡದ್ದಕ್ಕೆ. ನಾಲ್ಕು ವರ್ಷದಿಂದ ಕೇಳುತ್ತಿದ್ದೆ. ಕರಿಬೇವಿಗೆ ನೀರು ಹಾಕಿ ಅನ್ನದೆ ಇನ್ನೇನು ಒಣಗ್ಲಿ ಅಂತಾಳಾ? ಓದಿದವನು ನೀನು, ಇಷ್ಟೂ ಯೋಚನೆ ಬೇಡವೇ? ಸಲ್ಲೇಖನ ಎಂದರೆ ಯಾರ ಮನೆಯಲ್ಲೋ ಮೂಲೆಯಲ್ಲಿ ಕೂತು ಕದ್ದು ಮಾಡುವುದಲ್ಲ. ಗುರುಗಳ ಅಪ್ಪಣೆ ಬೇಕು, ಮನೆಯವರ ಒಪ್ಪಿಗೆ ಬೇಕು, ವಯಸ್ಸು ಮಾಗಿರಬೇಕು. ನೀನು ಇನ್ನೂ ದಡ ಸೇರದೆ ಇರುವಾಗ ಅಮ್ಮ ನಮ್ಮಿಬ್ಬರನ್ನು ಕೇಳದೆ ಹಾಗೆ ಹೋಗುವವಳಲ್ಲ. ಅವಳು ಸಂತೆಗೆ ಹೋದರೂ ಹೇಳಿ ಹೋಗುವವಳು.

ಆದರೆ ಊಟ ಯಾಕೆ ಬಿಟ್ಟಳೋ ನನಗೂ ತಿಳಿಯದು. ಕೈಗೂಸನ್ನು ಬಿಟ್ಟು ನಾನು ಹೊರಡಲಾರೆ. ನೀನು ಬೆಳಗೊಳಕ್ಕೆ ಹೋಗಿ ದೊಡ್ಡಮ್ಮನನ್ನು ಕೇಳು. ಅಮ್ಮ ಏನಾದರೂ ಹೇಳಿಕೊಂಡಿದ್ದರೆ ತನ್ನ ಅಕ್ಕನ ಹತ್ತಿರವೇ.

ರಾಜೀಮತಿ


ಚನ್ನರಾಯಪಟ್ಟಣ
೧೨–೧೧–೧೯೪೫

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನನ್ನ ತಂತಿ ನಿಮಗೆ ತಲುಪಿರಲಿ. ತಲುಪಿದ್ದರೂ ಅರ್ಥವಾಗಿರಲಿ. ಅದರಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಬೆಳಗೊಳದಲ್ಲಿದ್ದೆ. ಅನಂತಮ್ಮ ದೊಡ್ಡಮ್ಮನ ಮನೆ ದೊಡ್ಡಬೆಟ್ಟದ ಬುಡಕ್ಕೇ ಅಂಟಿಕೊಂಡಿದೆ. ನಾನು ಹೋಗುವಾಗ ಸೂರ್ಯ ಬಂಡೆಯ ಹಿಂದೆ ಇಳಿದಿದ್ದ, ಬೀದಿಯೆಲ್ಲ ನೆರಳು. ದೊಡ್ಡಮ್ಮ ಮಾತಿಗೆ ಮುಂಚೆ ಎಲೆ ಹಾಕಿದಳು. ನಾನು "ಹೊತ್ತು ಮುಳುಗ್ತಲ್ಲ ದೊಡ್ಡಮ್ಮ" ಎಂದೆ.

"ಎಲ್ಲೋ ಮುಳುಗ್ತು? ಬೆಟ್ಟ ಅಡ್ಡ ಬಂದದೆ ಕಣೋ ಅಷ್ಟೆ. ಕಲ್ಯಾಣಿ ಕಡೆ ನೋಡು, ನೀರೆಲ್ಲ ಬಿಸ್ಲು. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಹಿಂಗೇ ಅಂದ್ಕೊಂಡು ಉಪವಾಸ ಮಲಗ್ತಿದ್ದೆ. ನಮ್ಮತ್ತೆ ನಗಾಡಿ ನಗಾಡಿ ಗಂಟೆ ಹೊಡೆಯೋ ತನಕ ಊಟ ಮಾಡ್ಬಹುದು ಅಂತ ಹೇಳ್ಕೊಟ್ರು. ಹಳ್ಳಿಮೈಸೂರಿನೋರಿಗೆ ಬೆಟ್ಟದ ನೆರಳು ಎಲ್ಲಿ ಗೊತ್ತು!"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೇಷ್ಟ್ರೇ, ಅಮ್ಮನೂ ಹಳ್ಳಿಮೈಸೂರಿನವಳೇ. ಬೆಳಗೊಳಕ್ಕೆ ಬಂದರೂ ಮಧ್ಯಾಹ್ನವೇ ಮನೆಗೆ ಹೊರಟುಬಿಡುತ್ತಿದ್ದಳು, ಜೀವಮಾನದಲ್ಲಿ ಬೆಟ್ಟದ ಕೆಳಗೆ ಒಂದು ಸಂಜೆ ಕಳೆದವಳಲ್ಲ. ನೀವಿರುವುದು ಇಕ್ಕಟ್ಟಾದ ಕಣಿವೆ. ಅಲ್ಲಿ ಸೂರ್ಯ ಬೆಟ್ಟ ದಾಟಿ ಬರುವುದೇ ತಡ, ಮರೆಯಾಗುವುದು ಬೇಗ. ಅವಳ ಕಣ್ಣಿಗೆ ದೂರದ ಬಿಸಿಲು ಕಾಣುವುದಿಲ್ಲ. ನೆಪ ಹೇಳುತ್ತಿಲ್ಲ, ಹೊತ್ತು ನಿಜವಾಗಿ ಮುಳುಗಿತೆಂದೇ ನಂಬಿದ್ದಾಳೆ. ನಂಬುವಂತೆ ಮಾಡಿದವನು ನಾನು. ಸೈನ್ಸ್ ಎಂದು ಬರೆದೆನಲ್ಲ! ಉತ್ತರದಲ್ಲಿ ಹಗಲು ಚಿಕ್ಕದಾಗುವುದು ನಿಜ, ಆದರೆ ಮಧ್ಯಾಹ್ನಕ್ಕೇ ಮುಗಿಯುವಷ್ಟಲ್ಲ. ಅವಳಿಗೆ ಅದು ಹೇಗೆ ಗೊತ್ತಾಗಬೇಕು?

ನಿಮ್ಮ ಗಡಿಯಾರ ತೆಗೆದು, ಅಂಗಳಕ್ಕೆ ನೆರಳು ಬರುವಾಗ ಎಷ್ಟು ಹೊತ್ತಾಗಿದೆ ನೋಡಿ. ದೊಡ್ಡಮ್ಮ ಹೇಳಿ ಬರೆಸಿದ ಮಾತನ್ನು ಅಮ್ಮನಿಗೆ ಓದಿ: "ಮರುದೇವಿ, ನಿನ್ನ ಅಕ್ಕ ಹೇಳ್ತಿದ್ದೀನಿ. ಬೆಟ್ಟ ಮರೆ ಮಾಡಿದ್ರೆ ಅಸ್ತ ಅಲ್ಲ. ಬಸದಿ ಪುರೋಹಿತರನ್ನೂ ಕೇಳಿದೆ. ಸುಮ್ನೆ ಊಟ ಮಾಡು."

ತಂತಿ ಕೊಡುವಾಗ ನಡೆದದ್ದನ್ನೂ ಬರೆದುಬಿಡುತ್ತೇನೆ. "ಸೂರ್ಯ ಮುಳುಗಿಲ್ಲ, ಬೆಟ್ಟ ಮಾತ್ರ, ಅಮ್ಮನಿಗೆ ಊಟ ಕೊಡಿ" ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ತಂತಿ ಗುಮಾಸ್ತರು ಕನ್ನಡಕ ಏರಿಸಿದರು. "ಏನಪ್ಪಾ ಇದು, ಗುಪ್ತ ಭಾಷೆಯಾ? ಇಂಥಾದ್ದೆಲ್ಲ ಕಳಿಸೋ ಹಂಗಿಲ್ಲ." "ಸಾ, ಯುದ್ಧ ಮುಗೀತಲ್ಲ ಸಾ" ಎಂದೆ. "ನಿನಗೆ ಮುಗೀತು, ನಮಗೆ ಆರ್ಡರ್ ಬಂದಿಲ್ಲ" ಎಂದರು. ಅಲ್ಲೇ ನಿಂತು ಎಲ್ಲ ಕಥೆ ಹೇಳಿದೆ. ಕೇಳಿ ಮುಗಿಸಿ, ನನ್ನೆದುರಿಗೇ ಕಟ್ಟಕಟ್ಟ ಎಂದು ತಂತಿ ಬಡಿದು ಕಳಿಸಿದರು.

ಚಂದ್ರನಾಥ


ಹಾಸನ
೧೬–೧೧–೧೯೪೫

ಮೇಷ್ಟ್ರೇ,

ನಿಮ್ಮ ಏಳನೇ ತಾರೀಖಿನ ಕಾರ್ಡು ಈಗ ಕೈ ಸೇರಿತು. ನನ್ನ ತಂತಿ ಹೊರಡುವ ಮೊದಲೇ ನೀವು ಬರೆದದ್ದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೂ "ಈಗ ಎದ್ದು ಕೂರುವುದಿಲ್ಲ, ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾರೆ, ಸ್ವಾಮಿಯನ್ನು ನೋಡದೆ ಊರಿಗೆ ಬರುವುದಿಲ್ಲ ಎನ್ನುತ್ತಾರೆ" ಎಂಬ ಸಾಲು ಕಣ್ಣು ಮುಚ್ಚಿದರೂ ಕಾಣುತ್ತದೆ.

ಟರ್ಮಿನಲ್ ಪರೀಕ್ಷೆಯಲ್ಲಿ ಇವತ್ತು ಪೇಪರ್ ಖಾಲಿ ಕೊಟ್ಟು ಬಂದೆ. ಪೋಸ್ಟ್‌ಮ್ಯಾನ್ ಹಾಸ್ಟೆಲ್ ಗೇಟು ದಾಟಿ ಸುಮ್ಮನೆ ಹೋದರೆ ಸಿಟ್ಟು, ನಿಂತರೆ ಹೋಗಿ ಕೇಳಲು ಭಯ. ಗೌರೀಶಂಕರನೇ ಹೋಗಿ ನೋಡಿಕೊಂಡು ಬಂದು "ಏನೂ ಇಲ್ಲ ಕಣ" ಎನ್ನುತ್ತಾನೆ, ಅದೂ ಮೆತ್ತಗೆ.

ತಂತಿ ಬಂತೋ ಇಲ್ಲವೋ ಅದನ್ನಾದರೂ ತಿಳಿಸಿ. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನನಗೆ ಇನ್ನೇನು ಬರೆಯಬೇಕೋ ತೋಚುತ್ತಿಲ್ಲ.

ಚಂದ್ರನಾಥ


ಬೈಜನಾಥ
೧೫–೧೧–೧೯೪೫

ಚಿ॥ ಚಂದ್ರನಾಥನಿಗೆ ಆಶೀರ್ವಾದಗಳು.

ನಿನ್ನ ತಾಯಿ ಊಟ ಮಾಡಿದರು. ಇದನ್ನು ಮೊದಲು ಓದಿಕೋ, ಮಿಕ್ಕದ್ದು ಆಮೇಲೆ.

ತಂತಿ ಮೊನ್ನೆ ಬಂತು. ನಾನು ಓದಿದೆ, ತಿರುಗಿಸಿ ಓದಿದೆ, ಅರ್ಥವಾಗಲಿಲ್ಲ. ಹುಡುಗನಿಗೆ ಚಿಂತೆಯಿಂದ ತಲೆ ಕೆಟ್ಟಿತೆಂದುಕೊಂಡೆ. ನನ್ನವಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅಂಗಳಕ್ಕೆ ಹೋಗಿ ತಲೆಯೆತ್ತಿ ನೋಡಿ ಕೂಗಿಕೊಂಡಳು. "ಅಯ್ಯೋ, ನಿಮ್ಮ ಗಡಿಯಾರ ತಗೀರೀ! ಮೇಷ್ಟ್ರಾಗಿ ಊರಿನ್ ಮಕ್ಳಿಗೆಲ್ಲ ಬುದ್ಧಿ ಏಳಿದ್ರಿ, ಅಗಲು ರಾತ್ರಿ ನೋಡಕ್ ಬರ್ಲಿಲ್ವಲ್ಲ ನಿಮ್ಗೆ!" ಗಡಿಯಾರದಲ್ಲಿ ಎರಡೂವರೆಯೂ ಆಗಿರಲಿಲ್ಲ. ನಮ್ಮ ಅಂಗಳದಲ್ಲಿ ಮುಸ್ಸಂಜೆ. ಎದುರು ಬೆಟ್ಟದ ಮೇಲೆ ಹೆಂಗಸರು ಬಿಸಿಲಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಇಷ್ಟು ದಿನ ನಾನು ಊಟ ಮಾಡಿ ಕಂಬಳಿ ಹೊದ್ದು ಮಲಗುತ್ತಿದ್ದ ಹೊತ್ತು ಅದು.

ನಿನ್ನ ತಾಯಿಗೆ ಹೇಳಿದರೆ ನಂಬಬೇಕಲ್ಲ. "ನನ್ನ ಜೀವಕ್ಕೋಸ್ಕರ ಸುಳ್ಳು ಹೇಳ್ತಿದ್ದೀರಿ" ಎಂದರು. ಗಡಿಯಾರ ತೋರಿಸಿದರೆ, "ಅದು ನಮ್ಮೂರಿನ ಗಡಿಯಾರ, ಇಲ್ಲಿಗೆ ಹೇಗೆ ಆಗ್ತದೆ? ನನ್ನ ಮಗ ಬರೆದಿದ್ದಾನೆ, ಇಲ್ಲಿ ಹೊತ್ತೇ ಬೇರೆ" ಎಂದರು. ಸಿಪಾಯಿಗೆ ನಮ್ಮ ಜಗಳ ಏನೆಂದು ಕೈಸನ್ನೆಯಲ್ಲಿ ತಿಳಿಯಿತು. ಅವನು ನಿನ್ನ ತಾಯಿಯ ಮುಂದೆ ಬೆನ್ನು ತಿರುಗಿಸಿ ಕುಕ್ಕರಿಸಿ, "ಬನ್ನಿ" ಎಂದ. ನನ್ನವಳು ಎತ್ತಿ ಕೂರಿಸಿಯೇಬಿಟ್ಟಳು. ತಾಯಿಯನ್ನು ಹೊತ್ತಂತೆ ಹೊತ್ತುಕೊಂಡು, ಮೆಟ್ಟಿಲು ಮೆಟ್ಟಿಲಾದ ಗದ್ದೆಗಳನ್ನು ಏರಿ ಅವನು ಮೇಲಿನ ಕಣಕ್ಕೆ ಹೋದ. ನನ್ನವಳು ಅನ್ನದ ಪಾತ್ರೆ ಹಿಡಿದು ಹಿಂದೆ. ನಾನು ಏದುಸಿರು ಬಿಡುತ್ತ ಅದರ ಹಿಂದೆ.

ಮೇಲೆ ಬಿಸಿಲು! ಜೋಳದ ತೆನೆ ಹರವಿದ ಕಣದ ತುಂಬ ಬಿಸಿಲು, ಸೂರ್ಯ ಇನ್ನೂ ಎಷ್ಟೋ ಮೇಲೆ. ಸಿಪಾಯಿ ಅವರನ್ನು ತೆನೆಗಳ ನಡುವೆ ಇಳಿಸಿದ. ನಿನ್ನ ತಾಯಿ ಮುಖವೆತ್ತಿ ಬೆಚ್ಚಗಿನ ಕಡೆಗೆ ತಿರುಗಿದರು. ಆಮೇಲೆ "ಇವನು ಇಲ್ಲೇ ಇದ್ದಾನಲ್ಲ" ಎಂದರು. ಸಿಪಾಯಿ "ಊಟ ಆಯ್ತಾ?" ಎಂದ. ಅವರು ಇಲ್ಲವೆಂದು ತಲೆಯಾಡಿಸಿ ಕೈ ಚಾಚಿದರು.

ಗಂಜಿಯಿಂದ ಶುರು ಮಾಡಿದ್ದೇವೆ. ದಿನವೂ ಮಧ್ಯಾಹ್ನ ಮೇಲಿನ ಕಣಕ್ಕೇ ಸವಾರಿ. ಊರಿನ ಹೆಂಗಸರೂ ಬಂದು ಸುತ್ತ ಕೂರುತ್ತಾರೆ. ತಂತಿಯ ಅರ್ಥ ಬಿಡಿಸಿ ಬರೆದ ಕಾಗದವೇನಾದರೂ ದಾರಿಯಲ್ಲಿದ್ದರೆ ಬರಲಿ, ಅದನ್ನೂ ಓದುತ್ತೇನೆ. ಕೋಟೆ ಹತ್ತುವಷ್ಟು ಬಲ ಬಂದ ಮೇಲೆ ಹೊರಡುತ್ತೇವೆ.

ಒಂದು ಮಾತು ಉಳಿಯಿತು. ನಿನ್ನ ತಾಯಿ ನಿನ್ನ ಕಾಗದಗಳನ್ನು ಈಗಲೂ ಓದಿಸಿಕೊಳ್ಳುತ್ತಾರೆ. ಯಾವುದೋ ಒಂದು ಸಾಲು ಬಂದಾಗ "ಇನ್ನೊಂದ್ಸಲ ಓದಿ ಮೇಷ್ಟ್ರೇ" ಎನ್ನುತ್ತಾರೆ. ಯಾಕೆಂದು ಹೇಳುವುದಿಲ್ಲ.

ಆಶೀರ್ವಾದ,
ಈಶ್ವರಯ್ಯ


ಕಾಂಗ್ಡಾ
೨೬–೧೧–೧೯೪೫

ಚಂದ್ರಾ,

ನಾನೇ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದು ದೊಡ್ಡದಾಗಿ ಬಂದರೆ ನಗಬೇಡ. ಹಗಲೇ ಬರೆಯುತ್ತಿದ್ದೇನೆ, ಸೂರ್ಯ ಇದ್ದಾನೆ.

ಸ್ವಾಮಿಯನ್ನು ನೋಡಿದೆ ಮಗನೆ. ಸಿಪಾಯಿ ರಜ ಹೆಚ್ಚು ಮಾಡಿಸಿಕೊಂಡು ಇಲ್ಲೀತನಕ ಬಂದ. ಕೋಟೆಯಲ್ಲಿ ಅರ್ಧ ನಡೆದೆ, ಅರ್ಧ ಅವನ ಬೆನ್ನು. ಗೋಡೆ ಎಲ್ಲ ಬಿದ್ದು ಹೋಗಿದೆ. ಒಂದು ಸಣ್ಣ ಗುಡಿಯೊಳಗೆ ಕೂತಿದ್ದಾನೆ. ನಮ್ಮ ಗೊಮ್ಮಟನ ಹಾಗೆ ಆಕಾಶದೆತ್ತರ ಇಲ್ಲ. ಕೈಗೆ ಎಟುಕುತ್ತಾನೆ. ಕೂದಲು ಹೆಗಲ ಮೇಲೆ ಇಳಿದಿದೆ. ಕಣ್ಣು ಕಾಣದಿದ್ದರೂ ಕೈಯಲ್ಲಿ ಮುಟ್ಟಿ ನೋಡಿದೆ, ಯಾರೂ ಬೇಡ ಅನ್ನಲಿಲ್ಲ. ಬಸವಲಿಂಗಮ್ಮ ಅತ್ತಳು. ಮೇಷ್ಟ್ರು, "ಆದಿನಾಥನ ತಾಯಿಯ ಹೆಸರೂ ಮರುದೇವಿಯೇ ಅಲ್ವಾ, ಮಗನ್ನ ನೋಡೋಕೆ ಬಂದ ಹಾಗಾಯ್ತು" ಅಂದರು.

ಆಗ ನನಗೆ ನಿನ್ನ ಯೋಚನೆ ಬಂತು.

ಸ್ವಾಮಿ ಎಲ್ಲ ಬಿಟ್ಟು ಹೊರಟ ಮೇಲೆ ಒಂದು ವರ್ಷ ಅವನಿಗೆ ಅನ್ನ ಸಿಗಲಿಲ್ಲ, ಗೊತ್ತಲ್ಲ. ಜನ ಕೆಟ್ಟವರಲ್ಲ. ಆನೆ ತಂದರು, ಕುದುರೆ ತಂದರು, ಮುತ್ತು ತಂದರು. ಹಸಿದವನಿಗೆ ಊಟ ಕೊಡಬೇಕು ಅಂತ ಮಾತ್ರ ಯಾರಿಗೂ ತಿಳಿಯಲಿಲ್ಲ. ಅವನು ಕೇಳಲಿಲ್ಲ. ಕಡೆಗೆ ಒಬ್ಬ ರಾಜಕುಮಾರ ಕಬ್ಬಿನ ಹಾಲು ಕೊಟ್ಟ.

ನೀನು ಸಾಯಂಕಾಲ ಊಟ ಮಾಡುತ್ತಿಲ್ಲ. ಅಲ್ವಾ?

ನಿನ್ನ ಕಾಗದದಲ್ಲಿ "ಎಲ್ಲರೂ ಊಟಕ್ಕೆ ಹೋಗಿದ್ದಾರೆ" ಅಂತ ಬರುತ್ತದೆ. ನೀನು ರೂಮಲ್ಲಿ ಬರೆಯುತ್ತಾ ಕೂತಿರುತ್ತೀಯ. ಆ ಹಾಸ್ಟೆಲಿನಲ್ಲಿ ಕತ್ತಲಾದ ಮೇಲೆ ಬೆಲ್ ಹೊಡೆಯುತ್ತಾರೆ, ನೀನು ಹೋಗುವುದಿಲ್ಲ. ನನಗೆ ಚಿಂತೆ ಆಗುತ್ತದೆ ಅಂತ ನೀನು ಊಟ ಚೆನ್ನಾಗಿದೆ ಅಂತ ಬರೆದೆ. ಮಲಗಿದ್ದಾಗ ಇದೇ ಯೋಚನೆ. ನಿನ್ನದು ಟೈಫಾಯಿಡ್ ಆಗಿ ಎದ್ದ ಮೈ. ಕ್ಷಮೆ ಕೇಳಿದ ದಿನ ನಿನ್ನ ಮುಂದೆ ಅಷ್ಟು ಹೊತ್ತು ನಿಂತದ್ದೂ ಅದಕ್ಕೇ. ಷರ್ಟು ಸಡಿಲವಾಗಿತ್ತು. ಕೇಳೋಣ ಅಂತಿದ್ದೆ, ನಿನಗೆ ಬಸ್ಸಿಗೆ ಹೊತ್ತಾಗಿತ್ತು.

ಬಾಯಿ ಬಿಟ್ಟು ಕೇಳಪ್ಪ. ಸ್ವಾಮಿ ಕೇಳಲಿಲ್ಲ, ಅವನು ಸ್ವಾಮಿ. ನಾನೂ ಇಲ್ಲಿ ಕೇಳಲಿಲ್ಲ. ಹೊತ್ತು ಎಷ್ಟಾಯಿತು ಅಂತ ಒಂದು ಮಾತು ಮೇಷ್ಟ್ರನ್ನು ಕೇಳಿದ್ದರೆ ಆಗಿತ್ತು. ಅವರಿಗೆ ತೊಂದರೆ ಯಾಕೆ ಅಂದುಕೊಂಡೆ. ನೀನು ನನ್ನ ಹಾಗೆ ಮಾಡಬೇಡ.

ಕಾಲು ಪೂರ್ತಿ ಗುಣ ಆಗುವ ತನಕ ಇಲ್ಲೇ ಛತ್ರದಲ್ಲಿ ಇರುತ್ತೇವೆ. ಇಲ್ಲಿ ಬಯಲು, ಹೊತ್ತು ಸರಿಯಾಗಿ ಮುಳುಗುತ್ತದೆ.

ನಿನ್ನ ಅಮ್ಮ


ಹಾಸನ
೪–೧೨–೧೯೪೫

ಅಮ್ಮಾ,

ನಿನ್ನ ಕಾಗದ ಓದಿ ಗೌರೀಶಂಕರ ಅಂಗಿ ತೋಳಲ್ಲಿ ಮೂಗು ಒರೆಸಿಕೊಂಡು, "ಅಲ್ಲಾ ಕಣ್ಲಾ, ಆರು ತಿಂಗ್ಳು ಪಕ್ಕದಾಗೇ ಮಲಗ್ತೀನಿ ನಂಗೆ ಗೊತ್ತಾಗ್ಲಿಲ್ಲ, ಹಿಮಾಲಯದಾಗ್ ಕುಂತ್ಕಂಡು ಅವರ್ಗೆ ಗೊತ್ತಾಯ್ತಲ್ಲ!" ಎಂದ. ಪುರಿ, ಬಾಳೆಹಣ್ಣು ತಿನ್ನುತ್ತಿದ್ದೆನಮ್ಮ, ಪೂರ್ತಿ ಉಪವಾಸವಲ್ಲ. ಹೊಸ ಜಾಗ, ಎಲ್ಲರೂ ಬೇರೆ ಬೇರೆಯವರು, ಕೇಳಿದರೆ ಏನಂದುಕೊಂಡಾರೋ ಎಂದು ನಾಚಿಕೆಯಾಗುತ್ತಿತ್ತು.

ನಿನ್ನೆ ಗೌರೀಶಂಕರನೇ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದ. ಆದರೆ ಬಾಗಿಲಲ್ಲಿ ಬಿಟ್ಟು, "ನಾನ್ ಏಳಾಕಿಲ್ಲ, ನೀನೇ ಕೇಳು" ಎಂದು ನಿಂತ. ಕೇಳಿದೆ. ಅಡುಗೆಯ ರಾಮಣ್ಣ ಸೌಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲ ಕಣ್ ಬುದ್ಧಿ, ಅನ್ನ ಬಿಸ್ಲಿರಂಗೇ ಬೆಂದು ಕುಂತಿರ್ತದೆ, ಸಾರೂ ಆಗಿರ್ತದೆ. ಒಂದ್ ಮಾತು ಏಳಕ್ಕೆ ಏನ್ ದಾಡಿಯಾಗಿತ್ತು ನಿಮ್ಗೆ? ಕೂತ್ಕಳಿ ಮೊದ್ಲು." ಅಷ್ಟೇ ಅಮ್ಮ. ಅಷ್ಟಕ್ಕೆ ನಾನು ಜೂನಿನಿಂದ ಹೆದರಿದ್ದೆ. ಬೆಳಕಿರುವಾಗಲೇ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಉಂಡೆ. ಇವತ್ತೂ ಉಂಡೆ.

ಈಗ ಬೆಲ್ಲಾಯಿತು. ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನನ್ನದು ಆಗಿದೆ.

ಆದರೂ ಭಯ ಪೂರ್ತಿ ಬಿಟ್ಟಿಲ್ಲ. ಧೌಲಾಧಾರಿನ ಚಳಿ ಇನ್ನೂ ಹೆಚ್ಚುತ್ತದೆ. ರೈಲಿನಲ್ಲಿ ನೂಕುನುಗ್ಗಲು. ಆ ಸಿಪಾಯಿ ದೆಹಲಿ ತನಕವಾದರೂ ಬರುತ್ತಾನೆಯೇ? ಅವನು ನಮ್ಮ ಕಡೆ ಎಂದಾದರೂ ಬಂದರೆ ಅವನ ಕನ್ನಡದಲ್ಲೇ "ಬನ್ನಿ" ಎಂದು ಕರೆಯಬೇಕು. ಮೇಷ್ಟ್ರಿಗೂ ಬಸವಲಿಂಗಮ್ಮನವರಿಗೂ ನಮಸ್ಕಾರ ಹೇಳು. ಕ್ಷಮೆ ಕೇಳಿದ ದಿನ ನಾನು "ಆಯ್ತು" ಎಂದದ್ದು ಸಾಲದು. ನೀನು ಬಂದ ಮೇಲೆ ಸರಿಯಾಗಿ ನಿಂತು ಹೇಳುತ್ತೇನೆ, ಬಸ್ಸು ಹೋದರೆ ಹೋಗಲಿ.

ಅರಸೀಕೆರೆಗೆ ನಾನು ಬರುತ್ತೇನೆ. ನೀವು ಹೊರಡುವುದು ಯಾವ ದಿನ, ಯಾವ ರೈಲು ಎಂದು ಬೇಗ ಬರೆ.

ನಿನ್ನ ಮಗ,
ಚಂದ್ರ